ಗೋಡೆಗಿಂತ ಮೊದಲು ಅಂಚಿನ ಕಸ ತೆಗೆಯಬೇಕು

ಹಳೆಯ ಕಸದ ರಾಶಿಯ ಪಕ್ಕ ಕುಸಿಯುತ್ತಿರುವ ನದಿದಂಡೆಗೆ ಕಾಂಕ್ರೀಟ್ ಗೋಡೆಯೊಂದೇ ಪರಿಹಾರ ಎಂದು ಈಚೆಗೆ ಓದಿದ ಲೇಖನವೊಂದು ಹೇಳುವ ಮಾತನ್ನು ಕಾರವಾರದವನಾದ ನಾನು ಒಪ್ಪಲಾರೆ. ಕಾಳಿ ನದಿ ಸಮುದ್ರ ಸೇರುವ ಅಳಿವೆಯಲ್ಲಿ ಭರತ-ಇಳಿತದಿಂದ ನೀರು ದಿನಕ್ಕೆ 2 ಸಲ ಏರಿ ಇಳಿಯುತ್ತದೆ. ಇಳಿತದ ವೇಳೆ ದಂಡೆಯೊಳಗೆ ಸೇರಿಕೊಂಡ ನೀರು ಮಣ್ಣನ್ನೂ, ಕಸದಿಂದ ಸೋರಿದ ಕಪ್ಪು ರಸವನ್ನೂ ಹೊತ್ತು ಹೊರಬರುವುದರಿಂದ, ಅದಕ್ಕೆ ದಾರಿ ಬಿಡದ ಗೋಡೆ ಕ್ರಮೇಣ ಬುಡದಿಂದಲೇ ವಾಲುತ್ತದೆ. ನಮ್ಮ ಮನೆಯ ಹಿಂದಿನ ಹಳ್ಳದಲ್ಲಿ ಇಂಥದೇ ಗೋಡೆ ಬಿರುಕುಬಿಟ್ಟು, ಸಂದಿನಲ್ಲಿ ಹರಿದ ಪ್ಲಾಸ್ಟಿಕ್ ಕೊಟ್ಟೆಗಳು ಜೋತಾಡುವುದನ್ನು ಕಂಡಿದ್ದೇನೆ. ಮೊದಲು ಅಂಚಿನ ಕಸವನ್ನು ಹಿಂದಕ್ಕೆ ಸರಿಸಿ, ರಾಶಿಯ ಮೇಲೆ ಜೇಡಿಮಣ್ಣು ಹೊದಿಸಿ, ದಂಡೆಯನ್ನು ಓರೆಯಾಗಿ ಕಡಿದು, ಬುಡದಲ್ಲಿ ಜಿಯೋಟೆಕ್ಸ್‌ಟೈಲ್ (ಮಣ್ಣನ್ನು ತಡೆದು ನೀರನ್ನು ಮಾತ್ರ ಬಿಡುವ ಬಟ್ಟೆ) ಹಾಸಿನ ಮೇಲೆ ಕಲ್ಲು ಜೋಡಿಸಬೇಕು. ಅದರ ಮುಂದಿನ ಕೆಸರಿನಲ್ಲಿ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲಾ ಮರದ, ಕೋಡಿನಂತೆ ಉದ್ದನೆಯ ಮೊಳಕೆಗಳನ್ನು ಊರಬಹುದು. ಬೇರು ಹಿಡಿಯುವ ತನಕ ಅವುಗಳಿಗೆ ಕಾವಲು ಬೇಕು.