ಸುಮ್ಮನೆ ಮನೆಯಲ್ಲಿರುವವರನ್ನು ಎಣಿಸುವ ಕ್ರಮ

ಕೇಂದ್ರ ಸರ್ಕಾರದ ಉದ್ಯೋಗ ಸಮೀಕ್ಷೆಗೆ ಹೊಸದಾಗಿ ಹೊರಟವರು ಮೊದಲು ಬಾಯಿಪಾಠ ಮಾಡಬೇಕಾದ ಸಂಖ್ಯೆ 92. ‘ಮನೆಗೆಲಸ ಮಾತ್ರ’ ಎಂಬುದರ ಕೋಡ್ ಅದು. ಹಿಂದಿನ 91 ವಿದ್ಯಾರ್ಥಿಗಳಿಗೆ, ಮುಂದಿನ 94 ಬಾಡಿಗೆ, ಪಿಂಚಣಿ ತಿಂದು ಕೂತವರಿಗೆ. ನಡುವೆ ದೇಶದ ಅಡುಗೆಮನೆ. ಇಲ್ಲಿ ಬಿದ್ದವರು ಉದ್ಯೋಗಿಗಳಲ್ಲ, ನಿರುದ್ಯೋಗಿಗಳೂ ಅಲ್ಲ. ನಿರುದ್ಯೋಗಿ ಅನ್ನಿಸಿಕೊಳ್ಳಬೇಕಾದರೆ ಕೆಲಸಕ್ಕೆ ತಯಾರಿರಬೇಕು, ಅದಕ್ಕೆ ಪುರುಸೊತ್ತು ಬೇಕಲ್ಲ.

ಕೋಡ್ ಹಾಕುವುದು ಸುಲಭ. ಬಾಗಿಲಲ್ಲಿ ನಿಂತು “ಅಮ್ಮಾ, ನೀವೇನು ಕೆಲಸ ಮಾಡ್ತೀರಿ?” ಎಂದು ಕೇಳಿ. ಸಗಣಿ ಬುಟ್ಟಿ ಕೆಳಗಿಡುತ್ತಾ “ನಾನೇನ್ ಮಾಡ್ತೀನಿ ಸಾರ್, ಮನೇಲೇ ಇದೀನಿ” ಅನ್ನುತ್ತಾರೆ. ಅವರು ಹೇಳದಿದ್ದರೆ ಜಗಲಿ ಮೇಲೆ ಕೂತ ಗಂಡ ಹೇಳುತ್ತಾನೆ. 92 ಬರೆದು ಮುಂದಿನ ಮನೆಗೆ ನಡೆಯಿರಿ. ಬುಟ್ಟಿ ಕಂಡು ಮನಸ್ಸು ಚುರುಕ್ ಅಂದರೆ 93 ಇದೆ: ಮನೆಗೆಲಸದ ಜೊತೆಗೆ ಸೌದೆ, ಸೊಪ್ಪು, ಮೇವು ಹೊತ್ತು ತರುವವರಿಗೆ, ಮನೆಮಂದಿಗೆ ಬಟ್ಟೆ ಹೊಲಿಯುವವರಿಗೆ. ಒಂದಂಕಿ ಬಡ್ತಿ, ಆದರೆ ಅದೂ ದುಡಿಮೆಯ ಲೆಕ್ಕಕ್ಕಿಲ್ಲ. ಹಿಂದೆ ಐದು ವರ್ಷಕ್ಕೊಮ್ಮೆ ನಡೆಯುತ್ತಿದ್ದ ಸಮೀಕ್ಷೆಯಲ್ಲಿ ಇವರಿಗೆಂದೇ ಪ್ರಶ್ನೆಗಳಿದ್ದವು. ಬೆರಣಿ ತಟ್ಟುತ್ತೀರಾ, ಕೋಳಿ ಸಾಕುತ್ತೀರಾ, ನೀರು ಎಷ್ಟು ದೂರದಿಂದ ತರುತ್ತೀರಿ? ಎಲ್ಲವನ್ನೂ, ದೂರದ ಸಮೇತ, ಬರೆದುಕೊಂಡ ಮೇಲೂ ಕೋಡ್ ಮಾತ್ರ ಇದ್ದಲ್ಲೇ ಇರುತ್ತಿತ್ತು.

ತೊಡಕಿರುವುದು ಕೊಟ್ಟಿಗೆಯಲ್ಲಿ. ಹಸು ಕರೆಯುವುದು ಕೆಲಸ. ಆ ಹಾಲಿಗೆ ಹೆಪ್ಪು ಹಾಕಿ, ಕಡೆದು, ಬೆಣ್ಣೆ ಕಾಯಿಸುವುದು ಮನೆ ಬಳಕೆಗಾದರೆ ಕೆಲಸವಲ್ಲ. ರಾಗಿ ಬೆಳೆಯುವುದು ಕೆಲಸ; ಹಸನು ಮಾಡಿ, ಬೀಸಿ, ಮುದ್ದೆ ಕಟ್ಟುವುದು ಅಲ್ಲ. ಅದೇ ಕೈ ಪಕ್ಕದ ಮನೆಯವರಿಗೆ ತಿಂಗಳ ಸಂಬಳಕ್ಕೆ ಮುದ್ದೆ ಕಟ್ಟಿದರೆ ತಕ್ಷಣ 31, ಅಂದರೆ ಸಂಬಳದಾರರ ಸಾಲು. ಡೇರಿಗೆ ಹಾಲು ಹಾಕುವ ಮನೆಯಲ್ಲಿ ಇನ್ನೂ ಸೊಗಸು. ಐದಕ್ಕೇ ಎದ್ದು ಸಗಣಿ ಬಾಚಿ, ಮೇವು ಹಾಕಿ, ಕೆಚ್ಚಲು ತೊಳೆದು ಹಾಲು ಕರೆದವಳು 21, ಸಂಬಳವಿಲ್ಲದ ಸಹಾಯಕಿ. ಕ್ಯಾನು ಹಿಡಿದು ಹೋಗಿ ಫ್ಯಾಟ್ ನೋಡಿಸಿ, ತನ್ನ ಹೆಸರಿನ ಪಾಸ್‌ಬುಕ್ಕಿನಲ್ಲಿ ಬರೆಸಿಕೊಂಡು ಬಂದವನು 11, ಸ್ವಂತ ಉದ್ಯಮಿ.

ಈ 21 ಬಹಳ ಉಪಕಾರಿ. ದುಡಿಯುವ ಅಥವಾ ಕೆಲಸ ಹುಡುಕುವ ಮಹಿಳೆಯರ ಪ್ರಮಾಣ (15 ವರ್ಷ ಮೇಲ್ಪಟ್ಟವರಲ್ಲಿ) 2017-18ರಲ್ಲಿ ಶೇ 23.3 ಇದ್ದದ್ದು 2023-24ಕ್ಕೆ ಶೇ 41.7 ಆಯಿತು. ಚಪ್ಪಾಳೆ! ಏರಿಕೆಯ ದೊಡ್ಡ ಪಾಲು ಬಂದದ್ದು ಹಳ್ಳಿಯ ಸ್ವಂತ ಉದ್ಯೋಗ ಮತ್ತು ಸಂಬಳವಿಲ್ಲದ ಸಹಾಯದಿಂದ. ಅದೇ ಹಸು, ಅದೇ ಹೆಂಗಸು. ಗಣತಿದಾರ ಇನ್ನೊಂದು ಪ್ರಶ್ನೆ ಕೇಳಿದರೆ ಉದ್ಯೋಗ ಸೃಷ್ಟಿ.

ವಾರದ ಲೆಕ್ಕ ಇನ್ನೂ ಉದಾರ. ಏಳು ದಿನದಲ್ಲಿ ಯಾವುದಾದರೂ ಒಂದು ದಿನ, ಒಂದೇ ಗಂಟೆ ಸಂತೆಯಲ್ಲಿ ಕೂತು ಮೆಣಸಿನಕಾಯಿ ಮಾರಿದರೂ ಉದ್ಯೋಗಸ್ಥೆ. ಅದೇ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸುರಿಯುವುದು 289 ನಿಮಿಷ. ಅದು ಬಿಡುವಿನ ಪೈಕಿ ಇರಬೇಕು. ಮನೆಗೆಲಸ ಮಾಡುವ ಗಂಡಸರದು 88. 2019ರಲ್ಲಿ ಈ ಲೆಕ್ಕ 299 ಮತ್ತು 97 ಇತ್ತು. ಹೆಂಗಸರಿಗೆ ಹತ್ತು ನಿಮಿಷ ಮಿಕ್ಕಿತೆಂದು ಗಂಡಸರೂ ಹಿಂದೆ ಬೀಳದೆ ಒಂಬತ್ತು ನಿಮಿಷ ಉಳಿಸಿಕೊಂಡರು.

ಗೃಹಿಣಿಯ ಹೆಸರಿನ ಮುಂದೆ ಆದಾಯ ಬರೆಸುವ ದಾರಿಯೇ ಇಲ್ಲವೆಂದಲ್ಲ. ಅಪಘಾತದಲ್ಲಿ ಸಾಯಬೇಕು. 1989ರ ಜಮ್ಶೆಡ್‌ಪುರದ ಬೆಂಕಿ ದುರಂತದಲ್ಲಿ ತೀರಿಕೊಂಡ ಗೃಹಿಣಿಯರ ದುಡಿಮೆಗೆ ಸುಪ್ರೀಂ ಕೋರ್ಟು 2001ರಲ್ಲಿ ತಿಂಗಳಿಗೆ 3,000 ರೂಪಾಯಿ ಕಟ್ಟಿತು. ಮೋಟಾರು ವಾಹನ ಕಾಯ್ದೆಗೆ 1994ರಲ್ಲಿ ಸೇರಿ, ಈಗ ಇಲ್ಲವಾಗಿರುವ ಸೂತ್ರ ಇನ್ನೊಂದಿತ್ತು: ಸಂಪಾದನೆ ಇಲ್ಲದ ಹೆಂಡತಿಯ ಆದಾಯ, ಬದುಕಿರುವ ಗಂಡನ ಆದಾಯದ ಮೂರನೇ ಒಂದು ಭಾಗ. ಬ್ಯಾಂಕ್ ಅಧಿಕಾರಿಯ ಮನೆಯ ಬೇಳೆಸಾರಿಗೆ ಒಂದು ರೇಟು, ಹಮಾಲಿಯ ಮನೆಯ ಬೇಳೆಸಾರಿಗೆ ಇನ್ನೊಂದು. ಗಂಡನಿಗೆ ಇನ್‌ಕ್ರಿಮೆಂಟ್ ಬಂದರೆ ಒಗ್ಗರಣೆಗೂ ಬಂತು. ಆಕೆಯ ದುಡಿಮೆ ರುಜುವಾತು ಮಾಡಲು ಅವನ ಸಂಬಳದ ಚೀಟಿ ಒಯ್ದರಾಗುತ್ತಿತ್ತು.

ಅದೂ ಎಲ್ಲರಿಗೂ ದಕ್ಕಲಿಲ್ಲ. ಒಂದು ಪ್ರಕರಣದಲ್ಲಿ ನ್ಯಾಯಮಂಡಳಿ ಈ ಸೂತ್ರ ಹಿಡಿದು 6 ಲಕ್ಷವೆಂದು ತಾನೇ ಲೆಕ್ಕ ಹಾಕಿ, ಆಕೆ ಸಂಪಾದಿಸುತ್ತಿರಲಿಲ್ಲವಲ್ಲ ಎಂದು ನೆನಪಾಗಿ ಎರಡೂವರೆ ಲಕ್ಷಕ್ಕೆ ಇಳಿಸಿತು. 2010ರಲ್ಲಿ ಸುಪ್ರೀಂ ಕೋರ್ಟು 6 ಲಕ್ಷವನ್ನೇ ಕೊಡಿಸಿತು. 2001ರ ಜನಗಣತಿ ಗೃಹಿಣಿಯರನ್ನು ಭಿಕ್ಷುಕರು, ವೇಶ್ಯಾವೃತ್ತಿಯವರು, ಕೈದಿಗಳ ಸಾಲಿನಲ್ಲಿ ಕೂರಿಸಿದ್ದಕ್ಕೆ ಛೀಮಾರಿಯನ್ನೂ ಹಾಕಿತು. ಕೈದಿಗಳ ಮಟ್ಟಿಗೆ ಜನಗಣತಿಯದು ತಪ್ಪೇ. ಜೈಲಿನಲ್ಲಿ ದುಡಿಯುವ ಶಿಕ್ಷಾ ಕೈದಿಗೆ ಕೂಲಿ ಕೊಡಲೇಬೇಕೆಂದು ಸುಪ್ರೀಂ ಕೋರ್ಟು 1998ರಲ್ಲೇ ಹೇಳಿಯಾಗಿದೆ. ಅಲ್ಲಿ ಅಡುಗೆ ಮಾಡುವುದು ಕೆಲಸ.