ಗುಂಡಿ ಒತ್ತಿದವರೇ ಪರೀಕ್ಷಕರು

ವಿಂಡೋಸ್ 10ರಲ್ಲಿ ‘ಚೆಕ್ ಫಾರ್ ಅಪ್‌ಡೇಟ್ಸ್’ ಗುಂಡಿಯನ್ನು ಒತ್ತುತ್ತಿದ್ದವರಲ್ಲಿ ಹೆಚ್ಚಿನವರಿಗೆ ಇದ್ದದ್ದು ತಮ್ಮ ಕಂಪ್ಯೂಟರ್ ಸುರಕ್ಷಿತವಾಗಿರಲಿ ಎಂಬ ಕಾಳಜಿಯಷ್ಟೇ ಎಂದು ನಾನು ಭಾವಿಸುತ್ತೇನೆ. ಆದರೆ 2018ರ ಡಿಸೆಂಬರ್‌ನಲ್ಲಿ ಮೈಕ್ರೋಸಾಫ್ಟ್ ತಾನೇ ವಿವರಿಸಿದಂತೆ, ಹಾಗೆ ಒತ್ತಿದವರು ‘ಸೀಕರ್’ಗಳು, ಅಂದರೆ ಅಪ್‌ಡೇಟನ್ನು ತಾವೇ ಹುಡುಕಿ ಬರುವವರು. ತಿಂಗಳ ಎರಡನೆಯ ಮಂಗಳವಾರ ಎಲ್ಲರಿಗೂ ಸಿಗುವ ಅಪ್‌ಡೇಟ್ ಆದ ಮೇಲೆ, ಮೂರನೆಯ ಮತ್ತು ನಾಲ್ಕನೆಯ ವಾರಗಳಲ್ಲಿ ಹೊರಬರುವ, ಮುಂದಿನ ಅಪ್‌ಡೇಟ್‌ನ ಪ್ರಾಯೋಗಿಕ ಪೂರ್ವರೂಪಗಳು ಇವರ ಯಂತ್ರಗಳಿಗೆ ಇಳಿಯುತ್ತಿದ್ದವು. ಕಂಪನಿಯ ಲೆಕ್ಕದಲ್ಲಿ ಇವರು ನುರಿತ ಬಳಕೆದಾರರು. ಗುಂಡಿಯ ಮೇಲೆ ಮಾತ್ರ ಹಾಗೆಂದು ಬರೆದಿರಲಿಲ್ಲ.

ಅದೇ ವರ್ಷ ಅಕ್ಟೋಬರ್ 2ರಂದು ಬಂದ 1809 ಆವೃತ್ತಿಯೂ ಮೊದಲು ತಲುಪಿದ್ದು ಸೀಕರ್‌ಗಳಿಗೇ. ಡಾಕ್ಯುಮೆಂಟ್ಸ್, ಪಿಕ್ಚರ್ಸ್‌ನಂಥ ಫೋಲ್ಡರ್‌ಗಳನ್ನು ಬೇರೆ ಡ್ರೈವ್‌ಗೆ ತಿರುಗಿಸಿಕೊಂಡು, ಹಳೆಯ ಜಾಗದಲ್ಲೂ ಕೆಲವು ಕಡತಗಳನ್ನು ಉಳಿಸಿಕೊಂಡಿದ್ದವರ ಆ ಹಳೆಯ ಫೋಲ್ಡರನ್ನು ಅಪ್‌ಡೇಟ್ ಕಡತಗಳ ಸಮೇತ ಅಳಿಸಿಹಾಕಿತು. ಕೆಲವೇ ದಿನಗಳಲ್ಲಿ ವಿತರಣೆಯನ್ನು ನಿಲ್ಲಿಸಿದ ಕಂಪನಿ, ನವೆಂಬರ್ 13ಕ್ಕೆ ಅದನ್ನು ಮತ್ತೆ ಬಿಡುಗಡೆ ಮಾಡಿತು. ಸ್ವಇಚ್ಛೆಯ ಪರೀಕ್ಷಕರಾದ ಇನ್‌ಸೈಡರ್‌ಗಳಲ್ಲಿ ಕೆಲವರು ಈ ದೋಷವನ್ನು ಮೊದಲೇ ವರದಿ ಮಾಡಿದ್ದರು. ಆ ವರದಿಗಳಿಗೆ ಸಾಕಷ್ಟು ಮತಗಳು ಬೀಳದ ಕಾರಣ ಅವು ಯಾರ ಕಣ್ಣಿಗೂ ಬೀಳಲಿಲ್ಲ. ಪರೀಕ್ಷೆಯ ಕೊನೆಯ ಹಂತವಾದ ‘ರಿಲೀಸ್ ಪ್ರಿವ್ಯೂ’ವನ್ನೂ ಆ ಆವೃತ್ತಿ ಹಾದುಬರಲಿಲ್ಲ.

ಬಳಕೆದಾರರನ್ನು ಗುಂಪುಗಳಾಗಿ ವಿಂಗಡಿಸಿ, ಹೊಸ ಆವೃತ್ತಿಯನ್ನು ಒಂದು ಗುಂಪಿಗೆ ಮೊದಲು, ಇನ್ನೊಂದಕ್ಕೆ ಆಮೇಲೆ ಕೊಡುವ ‘ಚಾನೆಲ್’ಗಳ ಪದ್ಧತಿಯೇ ತಪ್ಪೆಂದು ನಾನು ಹೇಳುತ್ತಿಲ್ಲ. ಲೋಕದಲ್ಲಿರುವ ಯಂತ್ರಾಂಶಗಳ ವೈವಿಧ್ಯವನ್ನೆಲ್ಲ ಯಾವ ಪ್ರಯೋಗಾಲಯದಲ್ಲೂ ಕೂಡಿಸಿಡಲಾಗದು. ಫೈರ್‌ಫಾಕ್ಸ್ ಬ್ರೌಸರ್‌ನ ಪ್ರಾಯೋಗಿಕ ಆವೃತ್ತಿಯಾದ ‘ನೈಟ್ಲಿ’ಯನ್ನೋ ಡೆಬಿಯನ್ ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ‘ಅನ್‌ಸ್ಟೇಬಲ್’ (ಅಸ್ಥಿರ) ಶಾಖೆಯನ್ನೋ ಆರಿಸಿಕೊಂಡವನು ಅಪಾಯದ ಅರಿವಿದ್ದೇ ಆರಿಸಿಕೊಂಡಿರುತ್ತಾನೆ. ನನ್ನ ತಕರಾರು ಕೇಳದೆ ಹೊರಿಸಿದ ಪಾತ್ರದ ಬಗ್ಗೆ. 2015ರ ಜನವರಿಯಲ್ಲಿ ವಿಂಡೋಸ್ 10ರ ಯೋಜನೆಯನ್ನು ಉದ್ಯಮಗಳಿಗೆ ವಿವರಿಸುವಾಗ, ಅವರಿಗೆಂದೇ ಇರುವ ಅಪ್‌ಡೇಟ್ ಶಾಖೆಗೆ ಬದಲಾವಣೆಗಳು ತಲುಪುವ ಹೊತ್ತಿಗೆ ಇನ್‌ಸೈಡರ್‌ಗಳೂ ಸಾಮಾನ್ಯ ಗ್ರಾಹಕರೂ ಅವುಗಳನ್ನು ತಿಂಗಳುಗಟ್ಟಲೆ ಬಳಸಿ ಪರಿಶೀಲಿಸಿರುತ್ತಾರೆ ಎಂದು ಮೈಕ್ರೋಸಾಫ್ಟ್ ಭರವಸೆ ಕೊಟ್ಟಿತ್ತು. ಆ ಗ್ರಾಹಕರಲ್ಲಿ ಹೋಮ್ ಆವೃತ್ತಿಯವರಿಗೆ ಅಪ್‌ಡೇಟನ್ನು 35 ದಿನಗಳವರೆಗೆ ತಡೆಹಿಡಿಯುವ ಅವಕಾಶ ದೊರೆತದ್ದು 2019ರಲ್ಲಿ. ಐಟಿ ವಿಭಾಗ ಇದ್ದವರಿಗೆ ಕಾಯುವ ಹಕ್ಕು, ಬ್ಯಾಕಪ್ ಎಂದರೇನೆಂದೂ ತಿಳಿಯದವರಿಗೆ ಮುಂಚೂಣಿ: ಇದು ತಲೆಕೆಳಗಾದ ವ್ಯವಸ್ಥೆ.

ಪರಿಸ್ಥಿತಿ ಸುಧಾರಿಸಿಲ್ಲ ಎನ್ನಲಾಗದು. ವಿಂಡೋಸ್ 11ರಲ್ಲಿ, ಹೊಸದು ಬಂದ ಕೂಡಲೇ ಬೇಕೇ ಎಂದು ಕೇಳುವ ಪ್ರತ್ಯೇಕ ಸ್ವಿಚ್ 2023ರಲ್ಲಿ ಬಂದಿದೆ. ಆದರೂ ಹಂತಹಂತವಾಗಿ ಸೌಲಭ್ಯಗಳನ್ನು ತೆರೆಯುವ ಕ್ರಮದಿಂದಾಗಿ, ಒಂದೇ ಆವೃತ್ತಿಯ ಎರಡು ಕಂಪ್ಯೂಟರ್‌ಗಳು ಬೇರೆಬೇರೆಯಾಗಿ ವರ್ತಿಸಬಹುದು. ತನ್ನ ಯಂತ್ರ ಯಾವ ಗುಂಪಿನಲ್ಲಿದೆ ಎಂಬುದನ್ನು ಸೆಟ್ಟಿಂಗ್ಸ್‌ನಲ್ಲಿ ಒಂದು ಸಾಲಿನಲ್ಲಾದರೂ ತೋರಿಸಿ ಎಂದು ಬಳಕೆದಾರ ಕೇಳುವುದು ಅತಿಯಾಸೆಯಲ್ಲ.