ನಾಲ್ಕು ನಿಮಿಷದ ರಸಿಕರು

ಧಾರವಾಡದಿಂದ ಅಕ್ಕ ಫೋನು ಮಾಡಿ, "ನಿನ್ನಿಯಿಂದ ಅವನ ಹಾಡು ನಿಂತುಬಿಟ್ಟಾವ, ಒಂಚೂರು ಹೋಗಿ ನೋಡಿ ಬಾ" ಎಂದಾಗ, ಪುಣೆಯ ಕೋಥರೂಡಿನ ಮನೆಯಲ್ಲಿ ಭಾನುವಾರದ ಊಟ ಮುಗಿಸಿ ಅಡ್ಡಾಗುವ ಸನ್ನಾಹದಲ್ಲಿದ್ದ ನನಗೆ ತಲೆಬುಡ ತಿಳಿಯಲಿಲ್ಲ. ವಾಕಡದಲ್ಲಿರುವ ಅವಳ ಮಗ ತಾನು ಈಚೆಗೆ ಕೇಳಿದ ಹಾಡುಗಳ ಪಟ್ಟಿ ತನ್ನ ವೆಬ್‌ಸೈಟಿನ ಮೂಲೆಯಲ್ಲಿ ತಾನೇ ತಾನಾಗಿ ಮೂಡುವಂತೆ ಮಾಡಿಟ್ಟಿದ್ದಾನೆಂದೂ, ಫೋನಿಗೆ ಸಿಗದ ಮಗನ ಕ್ಷೇಮಸಮಾಚಾರವನ್ನು ಅಕ್ಕ ದಿನವೂ ಅದರಿಂದಲೇ ಓದಿಕೊಳ್ಳುತ್ತಾಳೆಂದೂ ಆಮೇಲೆ ಗೊತ್ತಾಯಿತು. ಬೆಳಿಗ್ಗೆ ಎಂಟಕ್ಕೆ ಹಾಡು ಬಂದರೆ ಎದ್ದಿದ್ದಾನೆ, ರಾತ್ರಿ ಎರಡಕ್ಕೆ ಬಂದರೆ ಮಲಗಿಲ್ಲ, ಬರದೇ ಹೋದರೆ ತಮ್ಮನನ್ನು ಅಟ್ಟಬೇಕು. ಚಾಂದಣಿ ಚೌಕದ ವಾಹನಸಂದಣಿಯಲ್ಲಿ ಬೆಂದು ನಾನು ಅಲ್ಲಿಗೆ ಮುಟ್ಟಿ ಬಾಗಿಲು ಬಡಿದರೆ, ಕಿವಿಯಲ್ಲಿ ಇಯರ್‌ಫೋನು ಸಿಕ್ಕಿಸಿಕೊಂಡೇ ಬಾಗಿಲು ತೆರೆದ ಮಹಾಶಯ, "ಟೋಕನ್ ಎಕ್ಸ್‌ಪೈರ್ ಆಗೇದ ಮಾಮಾ, ಅದಕ್ಕ ಪಟ್ಟಿ ಅಪ್‌ಡೇಟ್ ಆಗಿಲ್ಲ" ಎಂದ. ವೆಬ್‌ಸೈಟಿಗೆ ಕೊಟ್ಟ ಪರವಾನಗಿಯ ಗಡುವು ಮುಗಿದಿತ್ತಷ್ಟೇ. ಹಾಡುಗಳೇನೂ ನಿಂತಿರಲಿಲ್ಲ; ಅವುಗಳ ಸುದ್ದಿಯನ್ನು ಊರಿಗೆ ಸಾರುವ ಡಂಗುರ ಮಾತ್ರ ನಿಂತಿತ್ತು.

ಇದನ್ನೆಲ್ಲ ಯಾರು ನೋಡುತ್ತಾರೆಂದು ಕೇಳಿದರೆ, ಯಾರೂ ನೋಡುವುದಿಲ್ಲ, ಸುಮ್ಮನೆ ಹಾಕಿದ್ದೇನೆ ಎಂದ. ನಾನು ನಂಬಲಿಲ್ಲ. ಅಡುಗೆಮನೆಯಲ್ಲಿ ಬುರ್ಜಿ ಮಾಡುವಾಗ ಅವನು ಕೇಳುವ ಹಾಡುಗಳು ಗೋಡೆ ನಡುಗಿಸುವಂಥವು. ಪಟ್ಟಿಯಲ್ಲಿ ಕಾಣುವುದು ಮಾತ್ರ ಮಲ್ಲಿಕಾರ್ಜುನ ಮನಸೂರರು. ಅವನು ಹಾಡು ಕೇಳುವ ಸ್ಪಾಟಿಫೈಯಲ್ಲಿ, ಕೇಳಿದ್ದನ್ನು ಪಟ್ಟಿಗೆ ಬೀಳದಂತೆ ಮರೆಮಾಡುವ ಪ್ರೈವೇಟ್ ಸೆಷನ್ ಎಂಬ ಸೌಕರ್ಯವಿರುವುದನ್ನು ನಾನೂ ಬಲ್ಲೆ. ಯಾರೂ ನೋಡದ ಕನ್ನಡಿಯ ಮುಂದೆ ಇಷ್ಟು ಹೊತ್ತು ತಲೆ ಬಾಚಿಕೊಳ್ಳುವವರನ್ನು ನಾನಂತೂ ಕಂಡಿಲ್ಲ.

ಕೇಳಿದ್ದನ್ನೆಲ್ಲ ಬರೆದಿಡುವ ಈ ವಿದ್ಯೆಯನ್ನು ಕಂಪ್ಯೂಟರಿಗೆ ಕಲಿಸಿದವರಲ್ಲಿ ಮೊದಲಿಗನೆನ್ನಬಹುದಾದವನು ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ರಿಚರ್ಡ್ ಜೋನ್ಸ್. 2002ರ ಸುಮಾರಿಗೆ ಅವನು ಮಾಡಿದ ಆಡಿಯೋಸ್ಕ್ರಾಬ್ಲರ್ ಮುಂದೆ ಲಾಸ್ಟ್ ಎಫ್‌ಎಂ ಎಂಬ ಸಂಗೀತದ ಜಾಲತಾಣದಲ್ಲಿ ಸೇರಿಹೋಯಿತು. 2007ರಲ್ಲಿ ಅಮೆರಿಕದ ಸಿಬಿಎಸ್ ಸಂಸ್ಥೆ ಅದನ್ನು 28 ಕೋಟಿ ಡಾಲರು ಕೊಟ್ಟು ಕೊಂಡುಕೊಂಡಿತು. ಜನ ಯಾವ ಹಾಡು ಕೇಳಿದರೆಂಬ ಚಾಡಿಗೆ ಇಷ್ಟು ಬೆಲೆ ಬರುತ್ತದೆಂದು ತಿಳಿದಿದ್ದರೆ ಪುಣೆಯವರು ಎಂದೋ ಕೋಟ್ಯಧೀಶರಾಗಬೇಕಿತ್ತು. ಏಕೆಂದರೆ ಇಂಥದೊಂದು ಯಂತ್ರ ಮನುಷ್ಯರೂಪದಲ್ಲಿ ರಮಣಬಾಗ್ ಶಾಲೆಯ ಮೈದಾನದಲ್ಲಿ ನನ್ನ ಪಕ್ಕದ ಜಮಖಾನೆಯ ಮೇಲೆ ಕುಳಿತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕುಂದಗೋಳದ ಗಾಯಕ ರಾಮಭಾವು, ಅಂದರೆ ಸವಾಯಿ ಗಂಧರ್ವರು, 1952ರಲ್ಲಿ ತೀರಿಕೊಂಡ ಮೇಲೆ ಅವರ ನೆನಪಿಗೆ ಶಿಷ್ಯ ಭೀಮಸೇನ ಜೋಶಿಯವರು ಮರುವರ್ಷ ಆರಂಭಿಸಿದ ಸಂಗೀತೋತ್ಸವ ಆಗ ಆ ಮೈದಾನದಲ್ಲಿ ನಡೆಯುತ್ತಿತ್ತು. ಈಗ ಅದಕ್ಕೆ ಗುರುಶಿಷ್ಯರಿಬ್ಬರ ಹೆಸರೂ ಇದೆ, ಮೈದಾನವೂ ಬದಲಾಗಿದೆ. ನಾನು ಹೇಳುತ್ತಿರುವುದು ಡಿಸೆಂಬರಿನ ಚಳಿಯಲ್ಲಿ ಗಾಯನ ಇರುಳಿಡೀ ನಡೆಯುತ್ತಿದ್ದ ಕಾಲದ ಮಾತು. ಪಕ್ಕದವರು ಮಂಗನ ಟೋಪಿ ಹಾಕಿದ, ಕಂದು ಶಾಲು ಹೊದ್ದ, ಥರ್ಮಾಸಿನ ಚಹಾವನ್ನು ಯಾರಿಗೂ ಕೊಡದ ಹಿರಿಯರು. ಅವರ ತೊಡೆಯ ಮೇಲೊಂದು ಕಿರುಡೈರಿ, ಅದಕ್ಕೆ ದಾರ ಕಟ್ಟಿ ನೇತುಬಿಟ್ಟ ಸೀಸದಕಡ್ಡಿ, ಕಂಕುಳಲ್ಲಿ ಟಾರ್ಚು. ಗಾಯಕರು ಷಡ್ಜ ಬಿಟ್ಟು ಎರಡನೆಯ ಸ್ವರಕ್ಕೆ ಕಾಲಿಡುವ ಮೊದಲೇ ಇವರು ಸುತ್ತಲ ಹತ್ತು ಜನರಿಗೆ ಕೇಳುವಂತೆ ರಾಗದ ಹೆಸರು ಘೋಷಿಸಿ, ಟಾರ್ಚು ಹಚ್ಚಿ, ಡೈರಿಯಲ್ಲಿ ರಾಗ, ತಾಳ, ಆರಂಭವಾದ ವೇಳೆ, ತಬಲಾ ಯಾರದು, ಹಾರ್ಮೋನಿಯಂ ಯಾರದು ಎಂದು ಬರೆದು, ಟಾರ್ಚು ಆರಿಸಿ, ಮತ್ತೆ ಕಣ್ಣು ಮುಚ್ಚುತ್ತಿದ್ದರು. ಬರೆಯುವ ಭರದಲ್ಲಿ ಆಲಾಪ ಅವರ ಕಿವಿಗೆ ಬಿದ್ದಂತೆ ನನಗೆ ಕಾಣಲಿಲ್ಲ.

ಒಂದು ಸಂಜೆ ಅವರು "ಪೂರಿಯಾ" ಎಂದು ಘೋಷಿಸಿದರು. ಪೂರಿಯಾ, ಮಾರವಾ ಎರಡಕ್ಕೂ ಸ್ವರಗಳು ಅವೇ: ಕೋಮಲ ರಿಷಭ, ತೀವ್ರ ಮಧ್ಯಮ, ಪಂಚಮವಿಲ್ಲ. ಪೂರಿಯಾ ಗಾಂಧಾರ ನಿಷಾದಗಳ ಮೇಲೆ ನಿಲ್ಲುತ್ತದೆ, ಮಾರವಾ ರಿಷಭ ಧೈವತಗಳ ಮೇಲೆ. ಹಾಗಾಗಿ ಹೆಸರು ಹೇಳುವವನು ತುಸು ಹೊತ್ತು ಬಾಯಿ ಕಟ್ಟಿ ಕೇಳಬೇಕು, ಆ ತಾಳ್ಮೆ ಇವರದಲ್ಲ. ಬಂದಿಶ್, ಅಂದರೆ ತಾಳಕ್ಕೆ ಕಟ್ಟಿದ ಹಾಡು, ಆರಂಭವಾಗಿ ಮಾರವಾ ಎಂಬುದು ಮಕ್ಕಳಿಗೂ ಸ್ಪಷ್ಟವಾದಾಗ ಇವರು ಜೇಬಿನಿಂದ ರಬ್ಬರು ತೆಗೆದು ಡೈರಿಯನ್ನು ಉಜ್ಜಿ, ತಪ್ಪು ಗಾಯಕರದೇ ಎಂಬ ಧ್ವನಿಯಲ್ಲಿ, "ಮಾರವಾಚ್! ಪಣ ಪೂರಿಯಾಚ್ಯಾ ಅಂಗಾನೇ" ಎಂದು, ಮಾರವಾನೇ, ಆದರೆ ಪೂರಿಯಾದ ಅಂಗದಲ್ಲಿ ಎಂದು, ಮರಾಠಿಯಲ್ಲಿ ತೀರ್ಪಿತ್ತರು. ನಾನು ಕನ್ನಡದವನೆಂದು ತಿಳಿದ ಮೇಲೆ ಭೀಮಸೇನರು ಪುಣೆಯವರೆಂದು ನನಗೆ ಪಾಠ ಶುರುವಾಯಿತು. ಗದಗ ಎಂದು ನೆನಪಿಸಿದೆ. "ಜನ್ಮ ತಿಕಡಚಾ ಅಸೇಲ್" ಎಂದು, ಭಿಕ್ಷೆ ನೀಡಿದವರಂತೆ, ಹುಟ್ಟನ್ನಷ್ಟೇ ನಮಗೆ ಬಿಟ್ಟುಕೊಟ್ಟರು. ಅದಕ್ಕೆ ಉತ್ತರ ಕೊಡುವ ಹೊತ್ತಿಗೆ ಗಾಯನ ದ್ರುತ್ ಎಂಬ ವೇಗದ ಗತಿ ಹಿಡಿದಿತ್ತು. ಇಂದಿಗೂ ಆ ಉತ್ತರ ನನ್ನಲ್ಲಿ ಉಳಿದೇ ಇದೆ.

ಆ ಹಿರಿಯರ ಮೇಲೆ ನನಗೆ ಎಷ್ಟೇ ಸಿಟ್ಟಿದ್ದರೂ, ಬೆಳಗಿನ ಜಾವದವರೆಗೆ ಅವರು ಕುಳಿತಿರುತ್ತಿದ್ದರೆಂಬುದನ್ನು ಒಪ್ಪಲೇಬೇಕು. ಲಾಸ್ಟ್ ಎಫ್‌ಎಂ ಮೂಲಕವೇ ಬರುವ ಅಕ್ಕನ ಮಗನ ಪಟ್ಟಿಗೆ ಆ ಕಷ್ಟವಿಲ್ಲ. ಲಾಸ್ಟ್ ಎಫ್‌ಎಂನ ಕಟ್ಟಳೆಯ ಪ್ರಕಾರ ಹಾಡು ಮೂವತ್ತು ಸೆಕೆಂಡಿಗಿಂತ ಉದ್ದವಿರಬೇಕು. ಅದರ ಅರ್ಧಭಾಗ ಅಥವಾ ನಾಲ್ಕು ನಿಮಿಷ, ಯಾವುದು ಮೊದಲೋ ಅಷ್ಟು ಕೇಳಿದರೆ ಪೂರ್ತಿ ಕೇಳಿದಂತೆ ದಾಖಲಾಗುತ್ತದೆ. ಒಂದೊಂದು ಆವರ್ತನಕ್ಕೆ, ಅಂದರೆ ತಾಳದ ಒಂದು ಸುತ್ತಿಗೆ, ಅರ್ಧ, ಮುಕ್ಕಾಲು ನಿಮಿಷ ಹಿಡಿಯುವ, ನಿಧಾನಗತಿಯ ವಿಲಂಬಿತ ಏಕತಾಲದಲ್ಲಿ ನಾಲ್ಕು ನಿಮಿಷವೆಂದರೆ ಏನು? ಗಾಯಕರು ಇನ್ನೂ ಕೆಳಗಿನ ಮಂದ್ರದಲ್ಲಿಯೇ ಜಾಗ ಹುಡುಕುತ್ತಿರುತ್ತಾರೆ, ಮೇಲಿನ ತಾರಷಡ್ಜ ದೂರದ ಮಾತು. ಅಷ್ಟರಲ್ಲಿ ಈ ಹುಡುಗ ಎದ್ದು ಬುರ್ಜಿಗೆ ಹೊರಟರೂ ಭೀಮಸೇನರ ಐವತ್ತು ನಿಮಿಷದ ಖಯಾಲನ್ನು ಅರಗಿಸಿಕೊಂಡ ರಸಿಕನೆಂದು ಪಟ್ಟಿ ಸಾಕ್ಷಿ ನುಡಿಯುತ್ತದೆ. ಇತ್ತ ನಿಷ್ಠೆಯಿಂದ ಐವತ್ತೂ ನಿಮಿಷ ಕುಳಿತು ಕೇಳಿದವನ ಲೆಕ್ಕಕ್ಕೆ ಬೀಳುವುದೂ ಒಂದೇ. ಸವಾಯಿ ಗಂಧರ್ವರು ಮೂರು, ಮೂರೂವರೆ ನಿಮಿಷದ ಗ್ರಾಮಫೋನ್ ತಟ್ಟೆಗಳಿಗೆ ಹಾಡಿದ್ದನ್ನು ಒಂದರ ಹಿಂದೊಂದು ಕೇಳುತ್ತ ಹೋದರೆ ಅದೇ ಅವಧಿಯಲ್ಲಿ ಹದಿನಾಲ್ಕೋ ಹದಿನೈದೋ ಜಮೆಯಾಗುತ್ತವೆ. ಪಟ್ಟಿಯ ದೃಷ್ಟಿಯಲ್ಲಿ ಗುರುವಿನ ಎದುರು ಶಿಷ್ಯ ಎಂದೂ ಗೆಲ್ಲುವಂತಿಲ್ಲ. ವಿನಯವಂತರಾದ ಭೀಮಸೇನರು ಇದಕ್ಕೆ ಒಪ್ಪುತ್ತಿದ್ದರೇನೋ, ನಾನು ಒಪ್ಪುವುದಿಲ್ಲ.

ಮೊನ್ನೆ ಅಕ್ಕನ ಮಗ ನಮ್ಮ ಮನೆಗೆ ಊಟಕ್ಕೆ ಬಂದಾಗ ಈ ತಕರಾರನ್ನು ಅವನ ಮುಂದಿಟ್ಟೆ. ಸಂಖ್ಯೆಯ ಬದಲು ನಿಮಿಷ ಎಣಿಸುವಂತೆ ಮಾಡಬಹುದು, ಅದೇನು ದೊಡ್ಡ ಕೆಲಸವಲ್ಲ ಎಂದ. ಹಾಗಾದರೆ ವಿಲಂಬಿತ್ ಒಂದು ಟ್ರ್ಯಾಕು, ದ್ರುತ್ ಇನ್ನೊಂದು ಟ್ರ್ಯಾಕು ಎಂದು ಒಂದೇ ರಾಗವನ್ನು ಸೀಳಿಟ್ಟಿರುವ ರೆಕಾರ್ಡುಗಳ ಗತಿಯೇನು ಎಂದು ಕೇಳಿದೆ. ನೋಡೋಣ ಎಂದ. ಅವನ ಫೋನಿನಲ್ಲೇ ಪಟ್ಟಿ ತೆರೆದು ತೋರಿಸಿದೆ: ಹಾಡಿನ ಹೆಸರಿರಬೇಕಾದಲ್ಲಿ ರಾಗ, ರಾಗವಿರಬೇಕಾದಲ್ಲಿ ಕಂಪನಿ ಕೊಟ್ಟ ಯಾವುದೋ ತಲೆಬರಹ, ಕಲಾವಿದರ ಜಾಗದಲ್ಲಿ ಗಾಯಕರೊಬ್ಬರದೇ ಹೆಸರು. ಮುಕ್ಕಾಲು ಗಂಟೆ ಠೇಕಾ ಹಿಡಿದು ಕೂತ ತಬಲಾದವರು ಎಲ್ಲಿ, ಹಾರ್ಮೋನಿಯಂನವರು ಎಲ್ಲಿ, ಹಿಂದೆ ತಂಬೂರಿ ಮೀಟುತ್ತ ನಡುನಡುವೆ ದನಿಗೂಡಿಸಿದ ಶಿಷ್ಯರು ಎಲ್ಲಿ? ಟಾರ್ಚಿನ ಬೆಳಕಿನಲ್ಲಿ ಬರೆದ ಪೆನ್ಸಿಲ್ ಡೈರಿಯಲ್ಲೂ ಇದ್ದ ಹೆಸರುಗಳು ನಿನ್ನ ಪಟ್ಟಿಯಲ್ಲಿ ಯಾಕಿಲ್ಲ ಎಂದು ದನಿ ಏರಿಸಿಯೇ ಕೇಳಿದೆ.

"ಅದಕ್ಕ ಅದರಾಗ ಫೀಲ್ಡ್ ಇಲ್ಲ ಮಾಮಾ" ಎಂದು ಅವನು ಇನ್ನೊಂದು ಜೋಳದ ರೊಟ್ಟಿ ಹಾಕಿಸಿಕೊಂಡ.